ಗೂಟ ಹೆಚ್ಚಿಸುವ ಗೊಬ್ಬರ: ಮಲೆನಾಡಿನ ಮಣ್ಣಿನಲ್ಲಿ ಎರೆಗೊಬ್ಬರದ ಕೆಲಸ

2025ರ ಮುಂಗಾರಿನಲ್ಲಿ ಯೂರಿಯಾ ಸಿಗದೆ ರಾಜ್ಯದ ಹಲವೆಡೆ ರೈತರು ಸೊಸೈಟಿಗಳ ಮುಂದೆ ಸಾಲು ನಿಂತಿದ್ದರು. ಅದಾದ ಮೇಲೆ ನನಗೆ ಗೊತ್ತಿರುವವರಲ್ಲೇ ನಾಲ್ಕಾರು ಮಂದಿ ಒಂದೇ ಪ್ರಶ್ನೆ ಕೇಳಿದ್ದಾರೆ: "ಎರೆಗೊಬ್ಬರ ಹಾಕಿದ್ರೆ ಯೂರಿಯಾ ಬೇಡ್ವಂತಲ್ಲ ಮಾರಾಯ್ರೆ, ಹೌದಾ?" ಕೇಳಿದವರ ಮನೆಯ ಕೊಟ್ಟಿಗೆಗಳಲ್ಲಿ ಹಿಂದೆ ಹತ್ತು-ಹನ್ನೆರಡು ದನ ಇದ್ದವು, ಈಗ ಒಂದೋ ಎರಡೋ. ಸೊಪ್ಪಿನ ಬೆಟ್ಟದಿಂದ ಸೊಪ್ಪು, ದರಗು (ಉದುರಿದ ಒಣ ಎಲೆ) ತರಲು ಜನ ಸಿಗುವುದಿಲ್ಲ. ಕೊಟ್ಟಿಗೆ ಗೊಬ್ಬರ ಕಡಿಮೆಯಾದ ತೋಟಕ್ಕೆ ಈಗ ಚೀಲದಲ್ಲಿ ಎರೆಗೊಬ್ಬರ ಬರುತ್ತಿದೆ.

ಆ ಪ್ರಶ್ನೆಗೆ ಚೀಲದ ಲೆಕ್ಕದಲ್ಲಿ ಒಂದು ಉತ್ತರ, ಮಣ್ಣಿನ ಲೆಕ್ಕದಲ್ಲಿ ಇನ್ನೊಂದು. ಮಲೆನಾಡಿನವರಿಗೆ ಎರಡನೆಯದೇ ಮುಖ್ಯ ಎಂದು ನನ್ನ ತಿಳಿವಳಿಕೆ. ಅದಕ್ಕೇ ಮೊದಲು ಮಣ್ಣಿನಿಂದ ಶುರುಮಾಡುತ್ತೇನೆ, ಹುಳು ಆಮೇಲೆ.

ಮಳೆ ತೊಳೆದ ಮಣ್ಣು

ಅಕ್ಕಿ ತೊಳೆದ ಮೊದಲ ನೀರು ಹಾಲಿನಂತೆ ಬೆಳ್ಳಗಿರುತ್ತದೆ. ಮತ್ತೆ ಮತ್ತೆ ತೊಳೆದರೆ ನೀರು ತಿಳಿಯಾಗುತ್ತದೆ, ಅಕ್ಕಿಯಿಂದ ಹೋಗಬೇಕಾದದ್ದೆಲ್ಲ ಹೋಗಿರುತ್ತದೆ. ನಮ್ಮ ಮಣ್ಣಿನ ಕಥೆಯೂ ಇದೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದೇ ಜಿಲ್ಲೆಯ ಶಿಕಾರಿಪುರದ ಕಡೆ ಅದರ ಕಾಲುಭಾಗವೂ ಬೀಳುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಪಶ್ಚಿಮದ ಸೀಮೆಯಲ್ಲಿ ಸಾವಿರಾರು ವರ್ಷಗಳಿಂದ ಹೀಗೆ ನೀರು ಇಳಿದು ಇಳಿದು, ಮಣ್ಣಿನಲ್ಲಿದ್ದ ಸುಣ್ಣದ ಅಂಶ, ಮೆಗ್ನೀಷಿಯಂ, ಪೊಟ್ಯಾಷ್ ಹಳ್ಳ ಸೇರಿವೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಮಣ್ಣು ಕೆಂಪಗಿರುವುದು ಆ ಕಬ್ಬಿಣದಿಂದ. ಜಂಬಿಟ್ಟಿಗೆ ಕಲ್ಲು ಹುಟ್ಟುವುದೂ ಹೀಗೆಯೇ.

ಇಂಥ ಮಣ್ಣು ಹುಳಿ. ಹುಳಿಯನ್ನು ಅಳೆಯುವ ಮಾಪಕಕ್ಕೆ ಪಿಎಚ್ ಎನ್ನುತ್ತಾರೆ. 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅದಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು. ಮಲೆನಾಡಿನ ತೋಟದ ಮಣ್ಣನ್ನು ಪರೀಕ್ಷೆಗೆ ಕೊಟ್ಟರೆ 5ರಿಂದ 6ರ ನಡುವೆ ಬರುವುದು ಸಾಮಾನ್ಯ.

ಗೂಟದ ಲೆಕ್ಕ

ಈಗ ಕೊಟ್ಟಿಗೆಯನ್ನು ನೆನಪಿಸಿಕೊಳ್ಳಿ. ದನ ಎಷ್ಟಿದ್ದರೇನು, ಕಟ್ಟಲು ಗೂಟ ಇದ್ದಷ್ಟೇ ನಿಲ್ಲುತ್ತವೆ. ಗೂಟ ಸಿಗದವು ಬೇಲಿ ಹಾರಿ ಹೋಗುತ್ತವೆ.

ಮಣ್ಣಿನ ಕಣಗಳ ಮೇಲೂ ಇಂಥ ಗೂಟಗಳಿವೆ. ಜೇಡಿಯ ಕಣದ ಮೈಯಲ್ಲಿ ಋಣ ವಿದ್ಯುದಂಶ ಇರುತ್ತದೆ. ಪೊಟ್ಯಾಷ್, ಸುಣ್ಣದ ಅಂಶ, ಮೆಗ್ನೀಷಿಯಂ, ಅಮೋನಿಯಂ ರೂಪದ ಸಾರಜನಕ ಇವೆಲ್ಲ ಧನ ವಿದ್ಯುದಂಶದವು. ವಿರುದ್ಧವಾದದ್ದು ವಿರುದ್ಧವಾದದ್ದನ್ನು ಸೆಳೆಯುತ್ತದೆಯಲ್ಲ, ಹಾಗೆ ಇವು ಕಣಕ್ಕೆ ಕಟ್ಟಿಕೊಂಡು ನಿಲ್ಲುತ್ತವೆ. ಬೇರು ಬಂದು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ.

ಬಯಲುಸೀಮೆಯ ಕಪ್ಪು ಎರೆಮಣ್ಣಿನಲ್ಲಿ ಗೂಟಗಳು ಧಾರಾಳ. ನಮ್ಮ ಕೆಂಪು ಮಣ್ಣಿನಲ್ಲಿರುವುದು ಬೇರೆ ಜಾತಿಯ ಜೇಡಿ, ಅದರಲ್ಲಿ ಗೂಟ ಬಹಳ ಕಡಿಮೆ. ಇರುವ ಗೂಟಗಳಲ್ಲೂ ಹಲವನ್ನು ಹುಳಿಮಣ್ಣಿನ ಅಲ್ಯೂಮಿನಿಯಂ ಮೊದಲೇ ಹಿಡಿದುಕೊಂಡಿರುತ್ತದೆ. ಹೀಗಿರುವಾಗ ಜೂನ್ ತಿಂಗಳಲ್ಲಿ ಬುಡಕ್ಕೆ ಗೊಬ್ಬರ ಹಾಕಿ, ಎರಡೇ ದಿನಕ್ಕೆ ಜಡಿಮಳೆ ಹಿಡಿದರೆ ಅದರ ದೊಡ್ಡ ಪಾಲು ಬಸಿಗಾಲುವೆಯಲ್ಲಿ ಹೋಗುತ್ತದೆ. ಯೂರಿಯಾ ಮಣ್ಣಿಗೆ ಬಿದ್ದು ಕೊನೆಗೆ ನೈಟ್ರೇಟ್ ಆಗುತ್ತದೆ. ನೈಟ್ರೇಟಿನದು ಋಣ ವಿದ್ಯುದಂಶ. ಅದಕ್ಕೆ ಈ ಗೂಟ ಹೊಂದುವುದೇ ಇಲ್ಲ, ಹಗ್ಗವಿಲ್ಲದ ಕರುವಿನ ಹಾಗೆ ನೀರಿನ ಹಿಂದೆ ಓಡುತ್ತದೆ.

ಗೂಟ ಹೆಚ್ಚಿಸುವ ದಾರಿ ಇದೆ. ಎಲೆ, ಸಗಣಿ, ಕಡ್ಡಿಗಳು ಪೂರ್ತಿ ಕೊಳೆತ ಮೇಲೆ ಉಳಿಯುವ ಕಪ್ಪು ವಸ್ತುವಿಗೆ ಹ್ಯೂಮಸ್ ಎನ್ನುತ್ತಾರೆ. ತೂಕಕ್ಕೆ ತೂಕ ಹೋಲಿಸಿದರೆ ನಮ್ಮ ಕೆಂಪು ಜೇಡಿಗಿಂತ ಹ್ಯೂಮಸ್ಸಿನಲ್ಲಿ ಹತ್ತುಪಟ್ಟಿಗೂ ಹೆಚ್ಚು ಗೂಟಗಳಿವೆ. ಅದು ನೀರನ್ನು ಸ್ಪಂಜಿನಂತೆ ಹಿಡಿಯುತ್ತದೆ. ರಂಜಕವನ್ನು ಬಾಚಿಕೊಳ್ಳುವ ಕಬ್ಬಿಣ, ಅಲ್ಯೂಮಿನಿಯಂಗಳ ಕೈಯನ್ನೂ ಅದರ ಆಮ್ಲಗಳು ಅಷ್ಟಿಷ್ಟು ಕಟ್ಟಿಹಾಕುತ್ತವೆ, ರಂಜಕ ಬೇರಿಗೆ ಸಿಗುತ್ತದೆ. ಹಿರಿಯರು ವರ್ಷ ವರ್ಷ ಬೆಟ್ಟದ ಸೊಪ್ಪು ಕೊಯ್ದು, ಕೊಟ್ಟಿಗೆಗೆ ಹಾಸಿ, ಗುಂಡಿಯಲ್ಲಿ ಕೊಳೆಸಿ ತೋಟಕ್ಕೆ ಹೊತ್ತದ್ದು ಈ ಗೂಟಗಳಿಗಾಗಿ. ಅವರು ಅದನ್ನು ಹೀಗೆ ಹೇಳುತ್ತಿರಲಿಲ್ಲ, ಆದರೆ ತಪ್ಪದೆ ಮಾಡುತ್ತಿದ್ದರು.

ಅದೇ ಹ್ಯೂಮಸ್ಸನ್ನು ಬೇಗ, ನುಣ್ಣಗೆ, ಸೂಕ್ಷ್ಮಜೀವಿಗಳ ಸಮೇತ ಮಾಡಿಕೊಡುವ ವಿಧಾನವೇ ಎರೆಗೊಬ್ಬರ.

ಹುಳುವಿನ ಹೊಟ್ಟೆಯಲ್ಲಿ ಆಗುವುದೇನು

ಎರೆಹುಳುವಿಗೆ ಹಲ್ಲಿಲ್ಲ. ಮೆತ್ತಗಾದ ಎಲೆಯ ಚೂರನ್ನು ಮಣ್ಣಿನ ಕಣದ ಸಮೇತ ನುಂಗುತ್ತದೆ. ಒಳಗೆ ಗಟ್ಟಿ ಸ್ನಾಯುವಿನ ಒಂದು ಚೀಲವಿದೆ, ಕೋಳಿಗೆ ಇರುವಂಥದ್ದು. ಅಲ್ಲಿ ಮರಳಿನ ಕಣಗಳೇ ಬೀಸುಕಲ್ಲು. ಅರೆದು ಹಿಟ್ಟಾದದ್ದು ಕರುಳಿಗೆ ಹೋಗುತ್ತದೆ. ಕರುಳಿನಲ್ಲಿ ತೇವ, ಅಂಟು, ಹದವಾದ ವಾತಾವರಣ ಎಲ್ಲ ಇರುವುದರಿಂದ ಬ್ಯಾಕ್ಟೀರಿಯಾಗಳು ಅಲ್ಲಿ ಭರ್ಜರಿಯಾಗಿ ಹೆಚ್ಚುತ್ತವೆ. ನಿಜವಾಗಿ ಕೊಳೆಸುವವರು ಅವರು. ಹುಳು ಹಿಟ್ಟು ಮಾಡಿಕೊಡುವ ಗಿರಣಿ, ಅಡುಗೆ ಬ್ಯಾಕ್ಟೀರಿಯಾಗಳದ್ದು. ಹುಳುವಿನ ಅನ್ನನಾಳದ ಗ್ರಂಥಿಗಳಿಂದ ಸುಣ್ಣದ ಅಂಶವೂ ಬೆರೆಯುತ್ತದೆ. ಕೊನೆಗೆ ಹೊರಬರುವ ಹಿಕ್ಕೆ ಚಹಾಪುಡಿಯಂಥ ಸಣ್ಣ ಸಣ್ಣ ಉಂಡೆ. ಅದೇ ಎರೆಗೊಬ್ಬರ. ಉಂಡೆಯ ಅಂಟು ಅದನ್ನು ಮಳೆಗೆ ಬೇಗ ಕರಗಲು ಬಿಡುವುದಿಲ್ಲ.

ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಎರೆಹುಳುಗಳ ಮೇಲೆಯೇ ಒಂದು ಪುಸ್ತಕ ಬರೆದ. ತನ್ನ ದೇಶದ ಹಲವು ಭಾಗಗಳಲ್ಲಿ ಎಕರೆಗೆ ವರ್ಷಕ್ಕೆ ಹತ್ತು ಟನ್ನಿಗೂ ಹೆಚ್ಚು ಮಣ್ಣು ಹುಳುಗಳ ಹೊಟ್ಟೆಯ ಮೂಲಕ ಹಾದುಹೋಗುತ್ತದೆ ಎಂದು ಅವನ ಅಂದಾಜು. ಹುಳುವನ್ನು ಬೇಸಾಯಗಾರನಂತೆ ನೋಡುವ ದೃಷ್ಟಿ ಅಲ್ಲಿಂದ ವಿಜ್ಞಾನದಲ್ಲಿ ಗಟ್ಟಿಯಾಯಿತು.

ಒಂದು ತಪ್ಪು ನಂಬಿಕೆ ಇದೆ: ಹುಳುವನ್ನು ಕತ್ತರಿಸಿದರೆ ಎರಡು ಹುಳು ಆಗುತ್ತದೆ ಎಂಬುದು. ಆಗುವುದಿಲ್ಲ. ತಲೆಯ ಕಡೆಯ ಭಾಗ ಸಾಕಷ್ಟು ಉದ್ದ ಉಳಿದಿದ್ದರೆ ಬಾಲ ಮತ್ತೆ ಬೆಳೆದೀತು, ಅಷ್ಟೇ. ಗುದ್ದಲಿ ಹಾಕುವಾಗ ಜಾಗ್ರತೆ ಇರಲಿ.

ತೊಟ್ಟಿಯ ಹುಳು ಬೇರೆ, ತೋಟದ ಹುಳು ಬೇರೆ

ಇದು ಗೊತ್ತಿಲ್ಲದೆ ಹಣ ಕಳೆದುಕೊಂಡವರನ್ನು ನೋಡಿದ್ದೇನೆ. ಹುಳು ಕೊಂಡು ತಂದು ನೇರ ಅಡಿಕೆ ಬುಡಕ್ಕೆ ಬಿಟ್ಟರು. ತಿಂಗಳಾದ ಮೇಲೆ ಕೆದಕಿದರೆ ಒಂದೂ ಇಲ್ಲ.

ಎರೆಹುಳುಗಳಲ್ಲಿ ಮೂರು ಬಗೆ. ಮೊದಲನೆಯವು ಮಣ್ಣಿನ ಮೇಲೆ, ಕೊಳೆಯುವ ಎಲೆಯ ರಾಶಿಯಲ್ಲೇ ಬದುಕುವವು. ಎರಡನೆಯವು ಮೇಲ್ಮಣ್ಣಿನೊಳಗೆ ಅಡ್ಡಡ್ಡ ಓಡಾಡಿ ಮಣ್ಣನ್ನೇ ತಿನ್ನುವವು. ಮೂರನೆಯವು ಆಳಕ್ಕೆ ನೇರ ಬಿಲ ಕೊರೆದು, ರಾತ್ರಿ ಮೇಲೆ ಬಂದು ಎಲೆ ಎಳೆದುಕೊಂಡು ಹೋಗುವವು. ಎರೆಗೊಬ್ಬರ ಮಾಡುವ ತೊಟ್ಟಿಗೆ ಬೇಕಾದದ್ದು ಮೊದಲನೆಯ ಬಗೆ. ಐಸೀನಿಯಾ ಫೆಟಿಡಾ ಎಂಬ ಕೆಂಪು ಹುಳು, ಆಫ್ರಿಕಾ ಮೂಲದ ಯೂಡ್ರಿಲಸ್ ಯೂಜೀನಿಯೇ, ನಮ್ಮದೇ ಕಡೆಯ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ಈ ಗುಂಪಿನವು. ಹಸಿವು ಜಾಸ್ತಿ, ದಿನಕ್ಕೆ ತಮ್ಮ ತೂಕದ ಅರ್ಧದಷ್ಟು ತಿನ್ನುತ್ತವೆ. ಸಂತಾನವೂ ಬೇಗ: ಐಸೀನಿಯಾದ ಮೊಟ್ಟೆಗೂಡು ಸುಮಾರು ಮೂರು ವಾರಕ್ಕೆ ಒಡೆಯುತ್ತದೆ, ಒಂದೊಂದರಿಂದ ಎರಡು-ಮೂರು ಮರಿ. ಆದರೆ ಎಲೆರಾಶಿ ಇಲ್ಲದ ಬರಿ ಮಣ್ಣಿನಲ್ಲಿ ಇವಕ್ಕೆ ಊಟವಿಲ್ಲ.

ತೋಟಕ್ಕೆ ಬೇಕಾದದ್ದು ಉಳಿದೆರಡು ಬಗೆ. ಅವನ್ನು ಕೊಳ್ಳಬೇಕಾಗಿಲ್ಲ. ಬುಡಕ್ಕೆ ಅಡಿಕೆಯ ಸೋಗೆ (ಗರಿ), ದರಗಿನ ಹೊದಿಕೆ ಇದ್ದು, ನೀರು ನಿಲ್ಲದಿದ್ದರೆ ತಾವಾಗಿಯೇ ಬರುತ್ತವೆ. ಮಳೆಗಾಲದಲ್ಲಿ ತೋಟದ ನೆಲದ ಮೇಲೆ ಗೋಪುರದಂತೆ ನಿಂತ ಹಿಕ್ಕೆ ನೀವು ನೋಡಿರುತ್ತೀರಿ, ಅದು ಅವುಗಳ ಗುರುತು.

ಒಂದು ಯೂರಿಯಾ ಚೀಲಕ್ಕೆ ಎಷ್ಟು ಎರೆಗೊಬ್ಬರ?

ಈಗ ಚೀಲದ ಲೆಕ್ಕ. ಯೂರಿಯಾ ಚೀಲ 45 ಕೆ.ಜಿ., ಅದರಲ್ಲಿ ಶೇ. 46 ಸಾರಜನಕ, ಅಂದರೆ 20.7 ಕೆ.ಜಿ. ಎರೆಗೊಬ್ಬರದಲ್ಲಿ ಸಾರಜನಕ ಶೇ. 1.5 ಎಂದು ಹಿಡಿಯೋಣ. ಅಷ್ಟೇ ಸಾರಜನಕಕ್ಕೆ 1,380 ಕೆ.ಜಿ. ಬೇಕು, ಅದೂ ನೀರಿನಂಶ ಬಿಟ್ಟು. ಒಂದು ಚೀಲದ ಬದಲು ಒಂದು ಚೀಲ ಎಂದು ಯಾರಾದರೂ ಮಾರಿದರೆ ನಂಬಬೇಡಿ.

ಅಡಿಕೆಗೆ ನಮ್ಮಲ್ಲಿ ಮೊದಲಿನಿಂದ ಹೇಳುತ್ತ ಬಂದಿರುವ ಶಿಫಾರಸು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕೆ.ಜಿ. ಹಸಿರು ಸೊಪ್ಪು, 12 ಕೆ.ಜಿ. ಕಾಂಪೋಸ್ಟ್. ಕಾಲುಭಾಗ ತೇವ ಇರುವ ಎರೆಗೊಬ್ಬರ 8 ಕೆ.ಜಿ. ಹಾಕಿದರೆ ಒಣತೂಕ 6 ಕೆ.ಜಿ. ಅದರಲ್ಲಿ ಸಾರಜನಕ 90 ಗ್ರಾಂ ಬಂತು, ಗುರಿಯ ಹತ್ತಿರ. ಆದರೆ ಅದು ಮೊದಲ ವರ್ಷವೇ ಪೂರ್ತಿ ಸಿಗದು, ನಿಧಾನವಾಗಿ ಬಿಟ್ಟುಕೊಡುತ್ತದೆ. ರಂಜಕ ಶೇ. 0.8 ಇದ್ದರೂ 48 ಗ್ರಾಂ, ಸಾಕು. ಪೊಟ್ಯಾಷ್ ಶೇ. 1 ಎಂದು ಹಿಡಿದರೂ 60 ಗ್ರಾಂ, ಅರ್ಧಕ್ಕೂ ಕಡಿಮೆ. ಎರೆಗೊಬ್ಬರ ಒಂದನ್ನೇ ನಂಬಿದ ತೋಟ ಮೊದಲು ಸೋಲುವುದು ಇಲ್ಲಿ. ಒಲೆಬೂದಿಯನ್ನೋ ಪೊಟ್ಯಾಷ್ ಗೊಬ್ಬರವನ್ನೋ ಮಣ್ಣು ಪರೀಕ್ಷೆ ನೋಡಿ ಸೇರಿಸಬೇಕು.

ಹುಳಿಮಣ್ಣಿಗೆ ಸುಣ್ಣ ಬೇಕಿದ್ದರೆ ಅದನ್ನೂ ಬೇರೆಯಾಗಿಯೇ ಕೊಡಬೇಕು. ಎಲೆಚುಕ್ಕಿ ರೋಗಕ್ಕೆ, ಕೊಳೆರೋಗಕ್ಕೆ ಎರೆಗೊಬ್ಬರ ಔಷಧಿಯಲ್ಲ. ಪೋಷಣೆ ಸರಿಯಿದ್ದ ಮರ ತಾಳಿಕೊಳ್ಳುವ ಶಕ್ತಿ ಹೆಚ್ಚಿರಬಹುದು, ಆದರೆ ಶಿಲೀಂಧ್ರವನ್ನು ತಡೆಯುವ ಕೆಲಸ ಸಿಂಪರಣೆ ಮತ್ತು ತೋಟದ ಶುಚಿತ್ವದ್ದೇ.

ತೊಟ್ಟಿ ಕಟ್ಟುವ ಮೊದಲು

ನಮ್ಮ ಮನೆಯಲ್ಲಿ ಮೊದಲ ವರ್ಷ ತಂದ ಹುಳುಗಳು ಮೂರೇ ದಿನದಲ್ಲಿ ಸತ್ತವು. ಹಸಿ ಸಗಣಿ, ಹಸಿ ಸೊಪ್ಪು ಹಾಕಿ ಅವತ್ತೇ ಹುಳು ಬಿಟ್ಟಿದ್ದೆವು. ಕೈಯಿಟ್ಟರೆ ರಾಶಿ ಸುಡುತ್ತಿತ್ತು. ಹೊಸ ರಾಶಿ ಕೊಳೆಯಲು ಶುರುವಾದಾಗ ಒಳಗೆ 55-60 ಡಿಗ್ರಿ ತನಕ ಬಿಸಿ ಏರುತ್ತದೆ, ಹುಳುವಿಗೆ 35 ಡಿಗ್ರಿ ದಾಟಿದರೆ ಕಷ್ಟ. ಹಾಗಾಗಿ ಎರೆಗೊಬ್ಬರದ ಕೆಲಸ ಎರಡು ಹಂತದ್ದು. ಮೊದಲು ಕಸವನ್ನು ಸಗಣಿ ನೀರಿನೊಂದಿಗೆ ಬೆರೆಸಿ 15-20 ದಿನ ಹೊರಗೇ ಕಳಿಯಲು ಬಿಡಬೇಕು, ನಡುವೆ ಒಂದೆರಡು ಸಲ ಮಗುಚಬೇಕು. ಬಿಸಿ ಆರಿದ ಮೇಲೆ ತೊಟ್ಟಿಗೆ ತುಂಬಿ ಹುಳು ಬಿಡಬೇಕು. ಬಯೋಗ್ಯಾಸ್ ಇದ್ದವರಿಗೆ ಸ್ಲರಿ ಅತ್ಯುತ್ತಮ, ಅದರ ಬಿಸಿಯೆಲ್ಲ ಒಳಗೇ ಕಳೆದಿರುತ್ತದೆ.

ಏನು ಬೆರೆಸಬೇಕು ಎನ್ನುವುದಕ್ಕೆ ಅನ್ನ-ಸಾರಿನ ಲೆಕ್ಕ ಸಾಕು. ದರಗು, ಸೋಗೆ, ಹಾಳೆ, ಅಡಿಕೆ ಸಿಪ್ಪೆ ಇವೆಲ್ಲ ಅನ್ನ: ಇಂಗಾಲ ಜಾಸ್ತಿ. ಸಗಣಿ, ಸ್ಲರಿ, ಗ್ಲಿರಿಸಿಡಿಯಾದಂಥ ಹಸಿರು ಸೊಪ್ಪು ಸಾರು: ಸಾರಜನಕ ಜಾಸ್ತಿ. ಬರಿ ಅನ್ನ ಹಾಕಿದರೆ ವರ್ಷವಾದರೂ ಕಳಿಯದು. ಬರಿ ಸಾರಾದರೆ ನಾರುತ್ತದೆ. ಸಾರಜನಕ ಒಂದು ಪಾಲಿಗೆ ಇಂಗಾಲ 25-30 ಪಾಲು ಇದ್ದರೆ ಹದ. ಅರ್ಧ ಕಳಿತ ಸಿಪ್ಪೆಯನ್ನು ಹಾಗೇ ಬುಡಕ್ಕೆ ಸುರಿದು ಮಣ್ಣಿನಲ್ಲಿ ಬೆರೆಸಿದರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಗಿಡ ಹಳದಿಯಾಗುತ್ತದೆ.

ಹಾಳೆ ಮತ್ತು ಸೋಗೆಯನ್ನು ಮೇವು ಕತ್ತರಿಸುವ ಯಂತ್ರದಲ್ಲಿ ಎರಡು-ಮೂರು ಇಂಚಿಗೆ ತುಂಡರಿಸಿದರೆ ಎರಡು ತಿಂಗಳ ಆಸುಪಾಸಿನಲ್ಲಿ ಗೊಬ್ಬರ ಸಿದ್ಧ. ಇಡಿಯಾಗಿ ಹಾಕಿದರೆ ಹುಳು ಮುಟ್ಟುವುದೇ ಇಲ್ಲ. ಅಡಿಕೆ ಸಿಪ್ಪೆ ನಾರು, ಅದಕ್ಕೆ ಹೆಚ್ಚು ಸಮಯ ಬೇಕು. ಅಕೇಶಿಯಾ ದರಗೂ ಹಾಗೆಯೇ, ಬಹಳ ನಿಧಾನ. ಉಪ್ಪು-ಖಾರದ ಅಡುಗೆ ಉಳಿಕೆ, ಎಣ್ಣೆ, ರಾಶಿಗಟ್ಟಲೆ ನಿಂಬೆ ಸಿಪ್ಪೆ ಬೇಡ.

ತೊಟ್ಟಿಯ ಉದ್ದ ನಿಮ್ಮ ಜಾಗಕ್ಕೆ ತಕ್ಕಂತೆ. ಅಗಲ ಮೂರು-ನಾಲ್ಕು ಅಡಿ ಇರಲಿ, ಎರಡೂ ಕಡೆಯಿಂದ ಕೈ ನಡುವಿಗೆ ಮುಟ್ಟಬೇಕು. ಎತ್ತರ ಎರಡೂವರೆ ಅಡಿ ಮೀರಬಾರದು, ಮೀರಿದರೆ ಅಡಿಯಲ್ಲಿ ಗಾಳಿ ಇಲ್ಲದೆ ಬಿಸಿ ಕಟ್ಟುತ್ತದೆ. ಮಲೆನಾಡಿನಲ್ಲಿ ಎಲ್ಲಕ್ಕಿಂತ ಮುಖ್ಯ ಮಾಡು ಮತ್ತು ತಳದ ರಂಧ್ರ. ಎರೆಹುಳು ಉಸಿರಾಡುವುದು ಚರ್ಮದಿಂದ. ಚರ್ಮ ಒಣಗಿದರೂ ಸಾಯುತ್ತದೆ, ನಿಂತ ನೀರಿನಲ್ಲಿ ಗಾಳಿ ಮುಗಿದರೂ ಸಾಯುತ್ತದೆ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ: ಒಂದೆರಡು ಹನಿ ಬೆರಳ ಸಂದಿನಲ್ಲಿ ಬಂದರೆ ಹದ, ಧಾರೆ ಹರಿದರೆ ನೀರು ಹೆಚ್ಚಾಯಿತು. ಗಾಳಿಮಳೆ ಪಕ್ಕದಿಂದ ಹೊಡೆಯುವ ಊರಿನಲ್ಲಿ ಮಾಡಿನ ಅಂಚು ಚೆನ್ನಾಗಿ ಚಾಚಿರಲಿ.

ಶತ್ರುಗಳು ಅನೇಕ. ಕೆಂಪಿರುವೆ, ಹೆಗ್ಗಣ, ಕೋಳಿ, ಕಪ್ಪೆ, ಕೆಂಬೂತ. ತೊಟ್ಟಿಯ ಸುತ್ತ ಗೇಣಗಲದ ಕಾಲುವೆ ಮಾಡಿ ನೀರು ನಿಲ್ಲಿಸಿದರೆ ಇರುವೆ ಬಾರದು, ಮೇಲೆ ಬಲೆ ಮುಚ್ಚಿದರೆ ಹಕ್ಕಿ ಬಾರದು. ದುಂಬಿಯ ಮರಿ, ಅಂದರೆ ಬೆಳ್ಳಗೆ ದಪ್ಪಗೆ ಸುರುಳಿಯಾಗಿ ಮಲಗಿರುವ ಗೊಣ್ಣೆಹುಳು ಕಂಡರೆ ಆರಿಸಿ ತೆಗೆಯಿರಿ. ಅದು ಗೊಬ್ಬರದ ಜೊತೆ ತೋಟಕ್ಕೆ ಹೋಗಬಾರದು.

ಮೇಲ್ಪದರ ಚಹಾಪುಡಿಯಂತಾದ ಮೇಲೆ ನಾಲ್ಕೈದು ದಿನ ನೀರು ನಿಲ್ಲಿಸಿ. ನೆರಳಿನಲ್ಲಿ ಗೋಪುರದಂತೆ ಗುಡ್ಡೆ ಹಾಕಿದರೆ ಬೆಳಕಿಗೆ ಅಂಜುವ ಹುಳುಗಳು ಅಡಿಗೆ ಇಳಿಯುತ್ತವೆ. ಮೇಲಿಂದ ಪದರ ಪದರವಾಗಿ ತೆಗೆದು ಜರಡಿ ಹಿಡಿಯಿರಿ. ತಳದಲ್ಲಿ ಗುಂಪಾದ ಹುಳು ಮುಂದಿನ ತೊಟ್ಟಿಗೆ.

ಮೈಲುತುತ್ತದ ವಿಷಯ

ಇದನ್ನು ಎರೆಗೊಬ್ಬರದ ಪಾಠಗಳಲ್ಲಿ ಹೇಳುವುದು ಕಡಿಮೆ, ನಮಗೆ ಮಾತ್ರ ಬಹಳ ಬೇಕಾದದ್ದು. ಕೊಳೆರೋಗಕ್ಕೆ ನಾವು ಪ್ರತಿ ಮಳೆಗಾಲ ಹೊಡೆಯುವ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದಲ್ಲಿ ಇರುವುದು ತಾಮ್ರ. ಅಡಿಕೆ ಗೊನೆಯಿಂದ ತೊಳೆದು ಬಂದ ತಾಮ್ರ ಮಣ್ಣಿನ ಮೇಲ್ಪದರದಲ್ಲೇ ಉಳಿದುಬಿಡುತ್ತದೆ, ಅದು ಕೊಳೆಯುವ ವಸ್ತುವಲ್ಲ. ತಾಮ್ರ ಹೆಚ್ಚಾದ ಮಣ್ಣು ಎರೆಹುಳುವಿಗೆ ವಿಷ. ಹಾಗೆಂದು ಬೋರ್ಡೋ ಬಿಡಿ ಎಂದು ನಾನು ಹೇಳಲಾರೆ, ಕೊಳೆ ಬಂದ ತೋಟದ ಸಂಕಟ ಗೊತ್ತು. ಮಾಡಬಹುದಾದದ್ದು ಇಷ್ಟು: ಮದ್ದು ಕಲಸಿದ ಡ್ರಮ್ಮಿನ ಉಳಿಕೆಯನ್ನು ತೊಟ್ಟಿಯ ಹತ್ತಿರ ಚೆಲ್ಲಬೇಡಿ. ಮದ್ದಿನ ನೀಲಿ ಕಲೆ ಕಾಣುವ ಉದುರು ಕಾಯಿ, ಹಾಳೆಗಳನ್ನು ತೊಟ್ಟಿಗೆ ಹಾಕಬೇಡಿ. ಬೇಸಿಗೆಯಲ್ಲಿ ಬಿದ್ದ ಸೋಗೆಗಳೇ ಹುಳುವಿಗೆ ಒಳ್ಳೆಯ ಊಟ.

ಚೀಲದಲ್ಲಿ ಕೊಳ್ಳುವುದಾದರೆ

ಕೇಂದ್ರ ಸರ್ಕಾರದ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಎರೆಗೊಬ್ಬರಕ್ಕೂ ಮಾನದಂಡ ಇದೆ. ತೇವ ಶೇ. 15ರಿಂದ 25. ಸಾವಯವ ಇಂಗಾಲ ಕನಿಷ್ಠ ಶೇ. 18, ಸಾರಜನಕ ಕನಿಷ್ಠ ಶೇ. 1, ರಂಜಕ ಮತ್ತು ಪೊಟ್ಯಾಷ್ ತಲಾ ಕನಿಷ್ಠ ಶೇ. 0.8. ಕಡುಕಂದಿನಿಂದ ಕಪ್ಪು ಬಣ್ಣ, ಕೆಟ್ಟ ವಾಸನೆ ಇರಬಾರದು. ಚೀಲದ ಮೇಲೆ ಈ ಅಂಕಿಗಳಿವೆಯೇ ನೋಡಿ.

ತೇವದ ಅಂಕಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 50 ಕೆ.ಜಿ. ಚೀಲದಲ್ಲಿ ತೇವ ಶೇ. 25 ಇದ್ದರೆ ನೀರು 12.5 ಕೆ.ಜಿ. ಶೇ. 50 ಇದ್ದರೆ 25 ಕೆ.ಜಿ. ನೀರಿಗೇ ದುಡ್ಡು ಕೊಟ್ಟಂತಾಯಿತು. ಕೆರೆಗೋಡು ಬೆರೆಸಿದ ಅನುಮಾನವಿದ್ದರೆ ಒಂದು ಹಿಡಿಯನ್ನು ಗಾಜಿನ ಲೋಟದ ನೀರಿನಲ್ಲಿ ಕಲಕಿ ಇಡಿ. ತಳದಲ್ಲಿ ಮರಳು, ಮಣ್ಣಿನ ದಪ್ಪ ಪದರ ಕೂತರೆ ಬೇರೆ ಕಡೆ ನೋಡಿ. ಮೂಗಿಗೆ ಹಿಡಿದರೆ ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು.

ಎಲ್ಲಿಗೆ, ಯಾವಾಗ, ಎಷ್ಟು

ಕಡಿಮೆ ಗೊಬ್ಬರ ಇದ್ದರೆ ಮೊದಲು ಸಸಿಗಳಿಗೆ ಕೊಡಿ. ಕಾಳುಮೆಣಸಿನ ಬಳ್ಳಿ, ಅಡಿಕೆ ಸಸಿ ಬೆಳೆಸುವ ಪಾಕೆಟ್ಟಿನ ಮಣ್ಣಿನಲ್ಲಿ ನಾಲ್ಕನೇ ಒಂದು ಪಾಲು ಎರೆಗೊಬ್ಬರ ಇದ್ದರೆ ಬೇರು ಹರಡುವ ರೀತಿಯೇ ಬೇರೆ. ಹೆಚ್ಚು ಹಾಕಿದರೆ ಹೆಚ್ಚು ಲಾಭ ಎಂದೇನಿಲ್ಲ, ಬರಿ ಎರೆಗೊಬ್ಬರದಲ್ಲಿ ಸಸಿ ಸೊರಗುವುದೂ ಉಂಟು. ಭತ್ತದ ಸಸಿಮಡಿಗೆ, ಹಿತ್ತಿಲಿನ ತರಕಾರಿ ಸಾಲಿಗೆ, ಶುಂಠಿ ಊರುವ ಗುಣಿಗೂ ಒಪ್ಪುತ್ತದೆ.

ಫಲ ಬಿಡುವ ಅಡಿಕೆ ಮರಕ್ಕಾದರೆ ಎಕರೆಯ ಲೆಕ್ಕ ನೋಡೋಣ. ಒಂಬತ್ತು ಅಡಿಗೊಂದರಂತೆ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 540 ಮರ. ಮರಕ್ಕೆ 8 ಕೆ.ಜಿ. ಎಂದರೆ 4,300 ಕೆ.ಜಿ. ಮೀರುತ್ತದೆ. ಮರವೊಂದು ವರ್ಷಕ್ಕೆ ಆರೇಳು ಸೋಗೆ ಬೀಳಿಸುತ್ತದೆ, ಹಾಳೆ ಸೇರಿ ಒಣತೂಕ ನಾಲ್ಕು ಕೆ.ಜಿ. ಆಸುಪಾಸು. ಕಳಿಯುವಾಗ ಅದರಲ್ಲೂ ಒಂದು ಪಾಲು ಕಳೆಯುತ್ತದೆ. ತೋಟದ ಕಸದಿಂದ ಬೇಕಾದದ್ದರಲ್ಲಿ ಹೆಚ್ಚೆಂದರೆ ಅರ್ಧ ಹುಟ್ಟುತ್ತದೆ. ಉಳಿದದ್ದಕ್ಕೆ ಬೆಟ್ಟದ ದರಗು, ಬೇಲಿಯ ಗ್ಲಿರಿಸಿಡಿಯಾ, ಒಂದಾದರೂ ದನದ ಸಗಣಿ ಸೇರಬೇಕು. ಆಗದಿದ್ದರೆ ಈ ವರ್ಷ ಅರ್ಧ ತೋಟಕ್ಕೆ, ಬರುವ ವರ್ಷ ಇನ್ನರ್ಧಕ್ಕೆ ಹಾಕಿ. ಗೂಟಗಳು ಒಂದು ಮಳೆಗೆ ಕೊಚ್ಚಿಹೋಗುವಂಥವಲ್ಲ.

ಕೊಯ್ಲು ಮುಗಿದ ಜನವರಿಯಲ್ಲಿ ರಾಶಿ ಹಾಕಿದರೆ ಏಪ್ರಿಲ್-ಮೇ ಹೊತ್ತಿಗೆ ಗೊಬ್ಬರ ಕೈಗೆ ಬರುತ್ತದೆ. ಆದರೆ ಅಡಿಕೆ ಬುಡಕ್ಕೆ ಹಾಕುವ ಕಾಲ ಮಳೆ ಹಿಂತೆಗೆದ ಸೆಪ್ಟೆಂಬರ್-ಅಕ್ಟೋಬರ್. ನಡುವಿನ ಮಳೆಗಾಲ ಕಾಪಾಡಬೇಕು. ಬಿಸಿಲಿಗೆ ಒಣಗಿಸಿದರೆ ಜೀವಿಗಳು ಸಾಯುತ್ತವೆ, ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಉಸಿರು ಕಟ್ಟುತ್ತದೆ. ಗೋಣಿಚೀಲದಲ್ಲಿ ತುಂಬಿ, ನೆಲ ತಾಗದಂತೆ ಹಲಗೆಯ ಮೇಲೆ, ಸೋರದ ಮಾಡಿನ ಕೆಳಗೆ ಇಡಿ. ತೆಗೆದ ದಿನ ಮರದಿಂದ ಎರಡು-ಎರಡೂವರೆ ಅಡಿ ದೂರದ ಸುತ್ತಿನಲ್ಲಿ ಹರಡಿ, ಸ್ವಲ್ಪ ಮಣ್ಣು ಎಳೆದು, ಮೇಲೆ ಒಣ ಸೋಗೆ ಮುಚ್ಚಿ.